ಜೊಳ್ಳು ಕಾಳಿನ ಬೆನ್ನು ಹತ್ತಿ

ಕೊಕ್ಕೆ ನನ್ನ ಗಂಟಲ ಮೇಲಿತ್ತು!

ಹಮಾಲರು ಮೂಟೆ ಎಳೆಯುವ ಕೊಕ್ಕೆ. ಕ್ವಿಂಟಲ್ ಗೋಧಿಯನ್ನು ಒಂದೇ ಜಗ್ಗಿಗೆ ಕೆಳಗಿಳಿಸುವಂಥದ್ದು. ನನ್ನ ಗಂಟಲು ಅಷ್ಟು ತೂಕದ್ದಲ್ಲ ಸ್ವಾಮಿ.

"ಅಲುಗಾಡಬೇಡ" ಎಂದ ಹಮಾಲಿ.

ಅಲುಗಾಡಲಿಲ್ಲ. ಉಗುಳು ನುಂಗುವುದನ್ನೂ ಮುಂದಕ್ಕೆ ಹಾಕಿದೆ.

ನನ್ನ ಹೆಸರು ಕಬೇತೊ. ಅಸೆಲ್ಲಾ ಊರಿನ ಪೊಲೀಸಿನಲ್ಲಿ ಹದಿನೆಂಟು ವರ್ಷ ಸಾರ್ಜೆಂಟ್ ಆಗಿದ್ದೆ. ಈಗ ದಲ್ಲಾಳಿ. ಹೇಸರಗತ್ತೆ, ಮನೆಪತ್ರ, ಓಡಿಹೋದ ಅಳಿಯ… ಏನು ಕಳೆದರೂ ಹುಡುಕಿಕೊಡುವುದು ನನ್ನ ಕಸುಬು. ಆ ದಿನ ಕಳೆದಿದ್ದದ್ದು ಒಂದು ಬಟ್ಟೆಯ ಚೀಲ. ಒಳಗೆ ಮೂರು ಕಿಲೋ ಗೋಧಿ.

ನಗುತ್ತೀರಿ. ನಗಿ. ಅಸೆಲ್ಲಾದಲ್ಲಿ ಮೂರು ಕಿಲೋ ಗೋಧಿ ಹುಡುಕುವುದೆಂದರೆ ಹೊಳೆಯಲ್ಲಿ ಒಂದು ಚೊಂಬು ನೀರು ಹುಡುಕಿದ ಹಾಗೆ. ನಾನೂ ನಕ್ಕಿದ್ದೆ. ಕೊಕ್ಕೆ ಬರುವವರೆಗೆ.

ಮೂಟೆಗಳ ಸಂದಿಯಿಂದ ಮೊಗೆಸ್ ಬಂದ. ಈ ಊರಿನ ಧಾನ್ಯದ ದೊರೆ. ಬಾಯಲ್ಲಿ ಹಲ್ಲುಕಡ್ಡಿ, ಮೈಮೇಲೆ ಇಸ್ತ್ರಿ ಮುರಿಯದ ಶರಟು. ಕಾಳನ್ನು ಅಂಗೈಯಲ್ಲಿ ಹಿಡಿದರೆ ಅದು ಯಾರ ಹೊಲದ್ದು ಎಂದು ಹೇಳಬಲ್ಲ ಮನುಷ್ಯ. ಮೂವತ್ತು ವರ್ಷದ ಕಣ್ಣು.

"ಏನ್ ಕಬೇತೊ, ನನ್ನ ಗೋಡೌನಲ್ಲಿ ನಿಂಗೇನಪ್ಪಾ ಕೆಲ್ಸ?"

"ಗೋಧಿ ನೋಡೋಕೆ ಬಂದೆ."

"ಕಿಟಕಿಯಿಂದಾನಾ?"

"ಬಾಗ್ಲಲ್ಲಿ ನಾಯಿ ಇತ್ತು."

"ಆ ನಾಯಿ ಕಚ್ಚಲ್ಲ. ಈ ಹಮಾಲಿ ಕಚ್ತಾನೆ." ಹಲ್ಲುಕಡ್ಡಿ ಎಡದಿಂದ ಬಲಕ್ಕೆ ಹೋಯಿತು. "ಡಾಕ್ಟರಮ್ಮನ ಚೀಲ ಕಳೆದಿದೆಯಂತೆ. ನಾನೇ ಕದ್ದೆ ಅಂತ ಬಂದ್ಯಾ?"

"ನಾನೆಲ್ಲಿ ಹಾಗಂದೆ? ನೀವೇ ಹೆಗಲು ಮುಟ್ಟಿ ನೋಡ್ಕೋತಿದ್ದೀರಿ."

ಕೊಕ್ಕೆ ಒಂದು ಕೂದಲೆಳೆಯಷ್ಟು ಒಳಗೆ ಬಂತು. ನನ್ನ ನಾಲಿಗೆಯಿಂದ ನನಗೆ ಆಗಿರುವಷ್ಟು ನಷ್ಟ ಯಾವ ಕಳ್ಳನಿಂದಲೂ ಆಗಿಲ್ಲ.

"ಕದ್ದಿಲ್ಲ. ಕದಿಯೋಕೆ ಮುಂಚೆ ಯಾರೋ ಕದ್ರು!" ಮೊಗೆಸ್‌ಗೆ ನಿಜಕ್ಕೂ ಬೇಜಾರಾಗಿತ್ತು. "ಎರಡು ಸಲ ಹೋಗಿ ಒಂದು ಹಿಡಿ ಬೀಜ ಕೇಳಿದ್ದೆ. ಕೊಡಲಿಲ್ಲ. ಈಗ ಹೇಳು, ಎಲ್ಲಿದೆ?"

"ಗೊತ್ತಿಲ್ಲ."

"ಕೈಯಲ್ಲೇನದು?"

ನನ್ನ ಮುಷ್ಟಿಯಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಕಣ್ಣಿಗೆ ಔಷಧಿ ಬಿಡುವಂಥ ಮೂತಿ. ಡಾಕ್ಟರಮ್ಮ ಕೊಟ್ಟದ್ದು. "ಕಾಳು ಜಜ್ಜಿ, ಒಂದು ಹನಿ ಹಾಕಿ, ಕಾಯಿರಿ. ನೀಲಿಗೆ ತಿರುಗಿದರೆ ಅದು ನನ್ನ ಗೋಧಿ" ಎಂದಿದ್ದಳು. ಹನ್ನೊಂದು ಮೂಟೆಯ ಕಾಳು ಜಜ್ಜಿ ನೋಡಿದ್ದೆ. ಒಂದೂ ನೀಲಿಯಾಗಿರಲಿಲ್ಲ.

ಮೊಗೆಸ್‌ಗೆ ನಿಜ ಹೇಳುವುದೇ? ಸಾಧ್ಯವಿಲ್ಲ!

"ವಿಷ" ಎಂದೆ. ಹಮಾಲಿಯ ಕೈಮೇಲೆ ಎರಡು ಹನಿ ಹಿಂಡಿದೆ.

ಬರೀ ಬೆದರಿಕೆ. ಅವನು ಒಂದು ಕ್ಷಣ ಬೆಚ್ಚಿದರೆ ಸಾಕಿತ್ತು. ಆದರೆ… ಕೈ ನೀಲಿಯಾಗತೊಡಗಿತು! ಮೊದಲು ಬೆರಳ ಸಂದಿ, ಆಮೇಲೆ ಮುಂಗೈ. ನಾನೇ ಹೆದರಿಬಿಟ್ಟೆ.

"ಏರ್ತಾ ಇದೆ! ಯಜಮಾನ್ರೇ, ಏರ್ತಾ ಇದೆ!"

ಕೊಕ್ಕೆ ಠಣ್ಣನೆ ನೆಲಕ್ಕೆ ಬಿತ್ತು. ಕಿಟಕಿಯಿಂದ ಬಂದವನು ಬಾಗಿಲಿನಿಂದಲೇ ಓಡಿದೆ. ನಾಯಿ ನಿಜಕ್ಕೂ ಕಚ್ಚಲಿಲ್ಲ.

ಡಾಕ್ಟರಮ್ಮ ಎಂದರೆ ಡಾಕ್ಟರ್ ಎಲ್ಫಿನೇಶ್. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಗೋಧಿಯ ತಳಿ ಬೆಳೆಸುವವಳು. ನನ್ನ ಅಕ್ಕ ಅಸ್ಕಾಲೆಯ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಹಿಂದಿನ ದಿನ ಸಂಜೆ ನನ್ನ ಬಳಿ ಬಂದಾಗ ಅವಳ ಸ್ವೆಟರಿನ ಗುಂಡಿಗಳು ಒಂದಕ್ಕೊಂದು ತಪ್ಪಿಹೋಗಿದ್ದವು.

"ಗೋಧಿಯಲ್ಲಿ ಕಬ್ಬಿಣ ಇದೆ ಕಬೇತೊ ಅಣ್ಣ. ಸತು ಇದೆ. ಆದ್ರೆ ಕಾಳೊಳಗೆ ಫೈಟೇಟ್ ಅಂತ ಒಂದಿದೆ, ಅದು ಎಲ್ಲಕ್ಕೂ ಬೀಗ ಹಾಕಿಬಿಡುತ್ತೆ. ತಿಂದದ್ದು ಹೊಟ್ಟೆಗೆ ಹೋಗುತ್ತೆ, ಮೈಗೆ ಹತ್ತಲ್ಲ."

"ನೀವು ಬೀಗ ಒಡೆಯೋರು. ಪೊಲೀಸಲ್ಲಿದ್ದಾಗ ಸಿಗಬೇಕಿತ್ತು ನೀವು."

ಅವಳು ನಗಲಿಲ್ಲ. "ಬೀಗ ಕಮ್ಮಿ ಇರೋ ಗೋಧಿ ಬೆಳೆಸ್ತಿದ್ದೀನಿ. ಹನ್ನೊಂದು ವರ್ಷದಿಂದ."

"ನಮ್ಮಕ್ಕ ಹಿಟ್ಟನ್ನ ಎರಡು ದಿನ ಹುಳಿ ಬರಿಸಿ ರೊಟ್ಟಿ ಮಾಡ್ತಾಳೆ. ಕಲ್ಲು ತಿಂದ್ರೂ ಕರಗುತ್ತೆ ಅಂತಾಳೆ."

"ಹುಳಿ ಬಂದ್ರೆ ಒಂದಷ್ಟು ಬೀಗ ಬಿಚ್ಚುತ್ತೆ, ನಿಜ. ನಿಮ್ಮಕ್ಕ ನಂಗಿಂತ ಮೊದಲೇ ವಿಜ್ಞಾನಿ. ಆದ್ರೆ ಹುರಿಗಾಳು? ಗುಗ್ಗರಿ? ಮಕ್ಕಳ ಗಂಜಿ?" ಅವಳು ತಪ್ಪಿದ ಗುಂಡಿಗಳನ್ನೇ ನೋಡುತ್ತ ಹೇಳಿದಳು. "ನನ್ನ ತಂಗಿ ಹೆರಿಗೇಲಿ ಹೋದ್ಲು. ಮೈಯಲ್ಲಿ ರಕ್ತಾನೇ ಇಲ್ಲ ಅಂದ್ರು. ಮೂರು ಹೊತ್ತೂ ಗೋಧಿ ತಿಂತಿದ್ದೋಳು ಅಣ್ಣ."

ಅದಕ್ಕೆ ನನ್ನ ಬಳಿ ತಮಾಷೆ ಇರಲಿಲ್ಲ. ಎದೆ ಭಾರವಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ವಿಷಯ ಇಷ್ಟು. ಸಂಶೋಧನಾ ಕೇಂದ್ರದ ತಂಪುಕೋಣೆಯಲ್ಲಿದ್ದ ಬೀಜವೆಲ್ಲ ಕರೆಂಟು ಹೋಗಿ ಮುಗ್ಗಿತ್ತು. ಉಳಿದದ್ದು ಆ ಮೂರು ಕಿಲೋ. ಯಾರನ್ನೂ ನಂಬದೆ ಅವಳು ಅದನ್ನು ಮನೆಗೆ ತಂದು, ಹುಳ ಹಿಡಿಯದಿರಲಿ ಎಂದು ಅಕ್ಕನ ಒಲೆಯ ಹೊಗೆಗೆ ನೇತುಹಾಕಿದ್ದಳು. ನಮ್ಮ ತಾಯಂದಿರು ಬೀಜ ಇಡುತ್ತಿದ್ದದ್ದೂ ಹಾಗೆಯೇ. ಮಳೆ ಹಿಡಿದಿತ್ತು. ಒಂದೇ ದಿನ ಬಿಟ್ಟು ಬಿತ್ತನೆ. ಬಿತ್ತದಿದ್ದರೆ ಕೇಂದ್ರದ ಹೊಲದಲ್ಲಿ ಅವಳ ಪಾಲಿನ ಸಾಲುಗಳಲ್ಲಿ ಪಕ್ಕದ ಮೇಜಿನವನ ಬಾರ್ಲಿ! ಹನ್ನೊಂದು ವರ್ಷಕ್ಕೆ ಅಲ್ಲಿಗೇ ಮಂಗಳ.

"ನಮ್ಮಕ್ಕನ್ನ ಕೇಳಿದ್ರಾ?" ಎಂದೆ.

"ಅವರು ಮನೇಲೇ ಇಲ್ಲ. ಸಾವಿನ ಮನೇಲಿದ್ದಾರೆ."

ಅದು ಸರಿ. ಆ ದಿನ ಬೆಳಗಾಗುವ ಮೊದಲೇ ಸಾವಿಗೆ ನೆರವಾಗುವ ಇದಿರ್ ಸಂಘದವನು ಬೀದಿಯಲ್ಲಿ ಕಹಳೆ ಊದಿದ್ದ. ಮೇಲಿನ ಬೀದಿಯ ದರ್ಜಿ ತಾತ ಹೋಗಿಬಿಟ್ಟಿದ್ದ. ಸಂಘದ ಮನೆಮನೆಯವರೂ ಕೈಲಾದ್ದು ಹೊತ್ತು ಹೋಗಿ ಕೂರಬೇಕು. ಡಾಕ್ಟರಮ್ಮನನ್ನು ಕಳಿಸಿ ನಾನೂ ಹೋದೆ. ಮುಖ ಸಣ್ಣ ಮಾಡಿಕೊಂಡು ಕೂತೆ. ಎರಡು ಹಿಡಿ ಗೋಧಿ ಗುಗ್ಗರಿ ತಿಂದೆ. ಅಕ್ಕ ಹೆಂಗಸರ ಕಡೆ ಇದ್ದಳು, ದೂರದಿಂದ ಕೈಯೆತ್ತಿದಳು. ಅಡುಗೆಮನೆಯವರನ್ನು ಕೇಳುವಂಥದ್ದೇನಿದೆ? ನಾನು ಪೊಲೀಸು ತಲೆಯವನು. ನೇರ ಮೊಗೆಸ್‌ನ ಗೋಡೌನಿಗೆ ಕಣ್ಣಿಟ್ಟೆ.

ಆಮೇಲಿನದು ನಿಮಗೆ ಗೊತ್ತು. ಕೊಕ್ಕೆ.

ಗೋಡೌನಿನಿಂದ ಓಡಿದವನು ನಿಂತದ್ದು ಅಕ್ಕನ ಅಂಗಳದಲ್ಲೇ. ಅಕ್ಕ ಆಗಷ್ಟೇ ಸಾವಿನ ಮನೆಯಿಂದ ವಾಪಸಾಗಿ ಕಾಫಿಬೀಜ ಹುರಿಯಲು ಕೂತಿದ್ದಳು. ಎಲ್ಫಿನೇಶ್ ಬಾಗಿಲಿಗೆ ಒರಗಿದ್ದಳು. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ.

"ಸಿಕ್ತಾ?"

"ಇಲ್ಲ. ಆದ್ರೆ ನಿಮ್ಮ ಔಷಧಿ ಒಬ್ಬನ ಕೈ ನೀಲಿ ಮಾಡ್ತು! ಸತ್ತಾನಾ?"

"ಏನ್ ಹೊರ್ತಿದ್ದ ಅವನು?"

"ಗೊಬ್ಬರದ ಮೂಟೆ."

ಎರಡು ದಿನದಲ್ಲಿ ಮೊದಲ ಸಲ ಅವಳ ತುಟಿ ಅಲುಗಿತು. "ರಂಜಕ ಕಂಡ್ರೆ ಅದು ನೀಲಿ ಆಗುತ್ತೆ ಅಣ್ಣ. ನನ್ನ ಗೋಧಿಯಲ್ಲಿ ರಂಜಕ ಬೀಗದೊಳಗೆ ಸೇರದೆ ಬಿಡಿಯಾಗಿರುತ್ತೆ. ಅವನ ಕೈತುಂಬ ಗೊಬ್ಬರದ್ದೇ ರಂಜಕ. ಸೋಪು ಹಾಕಿ ತೊಳ್ಕೊಂಡ್ರೆ ಹೋಗುತ್ತೆ."

"ಯಾವನ ಕೈಗೆ ಏನು ಮಾಡಿ ಬಂದ್ಯೋ?" ಅಕ್ಕ ತಟ್ಟೆ ನೂಕಿದಳು. "ಮೊದ್ಲು ತಿನ್ನು. ಗುಗ್ಗರಿ ಮಿಕ್ಕಿದೆ."

ತಿಂದೆ. ಎಲ್ಫಿನೇಶ್ ಕೂಡ ಮೂರು ಕಾಳು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ… ನಿಂತಳು. ಒಲೆಯ ಮೇಲಿನ ಖಾಲಿ ಗೂಟ ನೋಡಿದಳು. ತಟ್ಟೆ ನೋಡಿದಳು.

"ಅಸ್ಕಾಲೆ ಅಕ್ಕ… ಇದು ಯಾವ ಗೋಧಿ?"

"ಅದೇ, ಮೇಲೆ ನೇತಾಡ್ತಿತ್ತಲ್ಲ. ನಮ್ಮದೆಲ್ಲ ಗಿರಣಿಗೆ ಹೋಗಿತ್ತು. ಕಹಳೆ ಊದಿದ್ಮೇಲೆ ಸಾವಿನ ಮನೆಗೆ ಬರಿಗೈಲಿ ಹೋಗೋಕಾಗುತ್ತಾ? ನೀನು ಕೇಂದ್ರಕ್ಕೆ ಹೋಗಿದ್ದೆ. ವಾಪಸ್ ಕೊಟ್ರಾಯ್ತು ಅಂತ ತಗೊಂಡೆ. ಯಾಕೆ?"

ಕಾಫಿಬೀಜ ಚಟಪಟ ಎಂದಿತು.

ಹನ್ನೊಂದು ವರ್ಷದ ಗೋಧಿ! ಇಡೀ ಬೀದಿ ತಿಂದಿತ್ತು. ಪಾದ್ರಿ ತಿಂದಿದ್ದ. ನಾನು ನಿನ್ನೆ ಎರಡು ಹಿಡಿ, ಇವತ್ತು ಒಂದು ಹಿಡಿ. ಕಳ್ಳನನ್ನು ಹುಡುಕುತ್ತ ಕಳವಿನ ಮಾಲನ್ನೇ ಮೆದ್ದವನು ನಾನು!

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ಯಲ್ಲೋ! ಹದಿನೆಂಟು ವರ್ಷ ಪೊಲೀಸು ಇವ್ನು! ಒಂದು ಮಾತು ನನ್ನ ಕೇಳೋಕೆ ನಿನ್ನ ಬಾಯಿಗೇನಾಗಿತ್ತು?"

"ಗುಗ್ಗರಿ ಇತ್ತು ಅಕ್ಕ."

ಎಲ್ಫಿನೇಶ್ ಅಳಲಿಲ್ಲ. ಒಲೆಯ ಪಕ್ಕ ಮೆಲ್ಲಗೆ ಕೂತಳು. ಅಳುವವರನ್ನು ಸಮಾಧಾನ ಮಾಡಿಯೇನು, ಹಾಗೆ ಕೂತವರನ್ನು ನೋಡಲು ನನ್ನಿಂದಾಗುವುದಿಲ್ಲ. ಅಕ್ಕನಿಗೂ ತನ್ನಿಂದ ಏನೋ ದೊಡ್ಡದು ಮುರಿಯಿತು ಎಂದು ಅರ್ಥವಾಯಿತು. ಗೂಡಿನಿಂದ ಚೀಲ ತಂದು ಅವಳ ಮಡಿಲಿಗಿಟ್ಟಳು.

"ಪೂರ್ತಿ ಬೇಯ್ಸಿಲ್ಲ ಕಣೇ. ಒಂದು ಕಿಲೋ ಹಾಗೇ ಇದೆ. ಚೆನ್ನಾಗಿ ಆರಿಸಿಟ್ಟಿದ್ದೀನಿ, ನೋಡು. ಬರೀ ಗಟ್ಟಿ ಕಾಳು."

ಎಲ್ಫಿನೇಶ್ ತಲೆಯೆತ್ತಿದಳು. "ಆರಿಸಿದ್ರಾ?"

"ಮತ್ತೆ? ಸತ್ತೋರ ಮನೆ ಗುಗ್ಗರಿಗೆ ಜೊಳ್ಳು ಹಾಕ್ತಾರೇನೇ? ಹೋದೋರಿಗೆ ಅವಮಾನ. ಮೊರದಲ್ಲಿ ಕೇರಿ, ಒಂದೊಂದೇ ಆರಿಸಿದ್ದೀನಿ. ನಿನ್ನ ಗೋಧೀಲಿ ಸುಕ್ಕುಗಾಳು ಜಾಸ್ತಿ, ಬೇಜಾರ್ ಮಾಡ್ಕೋಬೇಡ."

"ಮೊರ ಎಲ್ಲಿ? ಮೊರ!"

ಮೊರದ ಹೆಣಿಗೆಯಲ್ಲಿ ಎರಡು ಕಾಳು ಸಿಕ್ಕಿಕೊಂಡಿದ್ದವು. ಒಂದು ದುಂಡಗೆ. ಇನ್ನೊಂದು ಮುದುಕನ ಕೆನ್ನೆಯಂತೆ ಒಳಸೇದಿಕೊಂಡಿತ್ತು. ಎರಡರ ಬಾಲದ ತುದಿಯನ್ನೂ ಚಾಕುವಿನಲ್ಲಿ ಚೂರೇ ಚೂರು ಕತ್ತರಿಸಿ, ಕಾಫಿಯ ಬಿಳಿ ಬಟ್ಟಲುಗಳಲ್ಲಿ ಹಾಕಿ, ಒಂದೊಂದು ಹನಿ ಬಿಟ್ಟಳು. ಮೊಳಕೆಯ ಭಾಗವನ್ನು ಸ್ವೆಟರಿನ ಜೇಬಿನಲ್ಲಿ ಭದ್ರ ಮಾಡಿಕೊಂಡಳು.

ಕಾದೆವು. ಅಕ್ಕ ಕಾಫಿ ಕುಟ್ಟಿದಳು. ಕಾಫಿ ಕುದಿಯಿತು. ದುಂಡು ಕಾಳಿನ ಬಟ್ಟಲು ಹಾಗೇ ಇತ್ತು.

ಸುಕ್ಕುಗಾಳಿನ ಬಟ್ಟಲು… ನೀಲಿ!

"ಫೈಟೇಟ್ ಅಂದ್ರೆ ಬೀಜ ತನಗೇ ಕಟ್ಕೊಂಡ ಬುತ್ತಿ" ಎಂದಳು ಎಲ್ಫಿನೇಶ್, ನೀಲಿ ಬಟ್ಟಲನ್ನು ಕೈಗೆತ್ತಿಕೊಂಡು. "ಬುತ್ತಿ ಕಮ್ಮಿ ಇರೋದು ಸೊರಗುತ್ತೆ. ನೂರಕ್ಕೆ ಆರು ಕಾಳು ಮಾತ್ರ ನಂಗೆ ಬೇಕಾದ್ದು. ಎಲ್ಲಾನೂ ಬಿತ್ತಿ, ಎರಡು ವರ್ಷ ಕೂತು ಆರಿಸಬೇಕಿತ್ತು. ಅಕ್ಕ, ಆ ಜೊಳ್ಳು ಎಲ್ಲಿ ಹಾಕಿದ್ರಿ?"

"ಗಾದಿಸೆಗೆ ಕೊಟ್ಟೆ. ಒಂದು ಡಬ್ಬ."

"ಗಾದಿಸೆ ಏನ್ ಮಾಡ್ತಾಳೆ?"

"ಕೋಳಿ ಸಾಕ್ತಾಳೆ."

ಆ ದಿನ ಸಂತೆ!

ಅಂಗಳದ ಬೇಲಿಯಾಚೆ ಏನೋ ಸರಿದಾಡಿತು. ತಿರುಗಿದೆ. ಒಂದು ನೀಲಿ ಕೈ ಬೇಲಿ ಬಿಟ್ಟು ಓಡಿತು! ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ. ಆದರೆ ಎಲ್ಫಿನೇಶ್‌ಳ ಮಡಿಲಿನ ಚೀಲವನ್ನು ಕಂಡಿದ್ದ. ಕೇಂದ್ರದ ನಂಬರು ಕಟ್ಟಿದ ಚೀಲ.

"ಡಾಕ್ಟರಮ್ಮ, ಏಳಿ. ಚೀಲಾನೂ ತಗೊಳ್ಳಿ."

"ಇದರಲ್ಲೇನಿದೆ ಅಣ್ಣ? ಎಲ್ಲಾ ಬೀಗದ್ದೇ."

"ತಗೊಳ್ಳಿ ಅಂದೆ!"

ಬೀದಿಯಲ್ಲಿ ಸಿಕ್ಕಿದ್ದು ಒಂದು ಕುದುರೆಗಾಡಿ. ಹತ್ತಿದೆವು. ಹಿಂದೆ ಪಿಕಪ್ಪಿನ ಹಾರ್ನು ಕೇಳಿಸಿತು. ಮೊಗೆಸ್!

"ಓಡ್ಸಯ್ಯಾ!"

"ಓಡುತ್ತೆ ಸಾರ್ಜೆಂಟ್ರೇ, ಅದಕ್ಕೆ ಇಷ್ಟ ಬಂದಾಗ" ಎಂದ ಗಾಡಿಯವನು. "ಬೈಬೇಡಿ. ಬೈದ್ರೆ ನಿಂತ್ಬಿಡುತ್ತೆ."

ಜೀವಮಾನದಲ್ಲಿ ಕುದುರೆಗೆ ಅಷ್ಟು ಮರ್ಯಾದೆ ಕೊಟ್ಟು ಮಾತಾಡಿದ್ದು ಅದೇ ಮೊದಲು. ಇಳಿಜಾರಿನಲ್ಲಿ ಪಿಕಪ್ಪು ನಮ್ಮ ಚಕ್ರಕ್ಕೆ ಮೂತಿ ತಗುಲಿಸಿತು. ಗಾಡಿ ಒಂದು ಪಕ್ಕಕ್ಕೆ ಎದ್ದಿತು. ಎಲ್ಫಿನೇಶ್ ನನ್ನ ತೋಳಿಗೆ ಉಗುರು ನೆಟ್ಟಳು. ಅಷ್ಟರಲ್ಲಿ ಸಂತೆಯ ದಾರಿ ಬಂತು, ಕಟ್ಟಿಗೆ ಹೊತ್ತ ಕತ್ತೆಗಳ ಸಾಲೂ ಬಂತು. ಗಾಡಿ ನುಗ್ಗಿತು. ಪಿಕಪ್ಪು ನಿಂತಿತು. ಹಾರ್ನಿಗೆ ಬೆದರುವ ಕತ್ತೆ ಅಸೆಲ್ಲಾದಲ್ಲಿ ಇನ್ನೂ ಹುಟ್ಟಿಲ್ಲ.

ಗಾದಿಸೆ ಸಂತೆಯ ಮೂಲೆಯಲ್ಲಿ ಕೊಡೆ ಬಿಡಿಸಿಕೊಂಡು ಕೂತಿದ್ದಳು. ಮುಂದೆ ಕಾಲು ಕಟ್ಟಿದ ನಾಲ್ಕು ಹೇಂಟೆ, ಒಂದು ಕೆಂಪು ಹುಂಜ. ಹುಂಜದ ಮುಂದೆ ತಗಡಿನ ಡಬ್ಬ. ಹುಂಜದ ತಲೆ ಡಬ್ಬದ ಒಳಗೆ!

"ತೆಗೀ! ಅದರ ತಲೆ ತೆಗೀ!"

"ಕೊಯ್ಯೋದು ಕೊಂಡ ಮೇಲೆ ಸಾರ್ಜೆಂಟ್ರೇ" ಎಂದಳು ಗಾದಿಸೆ, ಕೂತಲ್ಲಿಂದ ಏಳದೆ. "ಪುಕ್ಕಟೆ ತಲೆ ತೆಗೆಯೋ ಕಾಲ ಹೋಯ್ತು."

ಎಲ್ಫಿನೇಶ್ ಡಬ್ಬಕ್ಕೆ ಬಗ್ಗಿದಳು. ಅರ್ಧಕ್ಕಿಂತ ಕೊಂಚ ಮೇಲೆ ಉಳಿದಿತ್ತು. ಅಷ್ಟರಲ್ಲಿ ನನ್ನ ಹೆಗಲ ಮೇಲೆ ಕೈ ಬಿತ್ತು. ನೀಲಿ ಕೈ. ಅದರ ಹಿಂದೆ ಹಲ್ಲುಕಡ್ಡಿ.

"ಚೀಲ ಕೊಡು ಕಬೇತೊ."

ಎಲ್ಫಿನೇಶ್‌ಳ ಕೈಯಿಂದ ಚೀಲ ಕಿತ್ತುಕೊಂಡು ಎದೆಗವಚಿಕೊಂಡೆ. "ಜೀವ ಹೋದ್ರೂ ಕೊಡಲ್ಲ!"

ಒಂದು ಗುದ್ದು ಬಿತ್ತು. ಜೀವ ಹೋಗಲಿಲ್ಲ, ಕೊಟ್ಟೆ. ಒಂದೇ ಗುದ್ದಿಗೆ ಕೊಟ್ಟರೆ ಅನುಮಾನ ಬರುತ್ತದೆಂದು ಇನ್ನೊಂದು ಗುದ್ದಿನವರೆಗೆ ಎಳೆದಾಡಿದೆ. ಆ ಎರಡನೆಯ ಗುದ್ದು ಕಸುಬಿನ ಮೇಲಿನ ನಿಷ್ಠೆ ಸ್ವಾಮಿ.

ಮೊಗೆಸ್ ಚೀಲ ಬಿಚ್ಚಿದ. ಅಂಗೈಗೆ ಸುರಿದುಕೊಂಡ. ಮೂವತ್ತು ವರ್ಷದ ಕಣ್ಣು ಅರಳಿತು.

"ಆಹಾಹಾ! ಕಾಳು ನೋಡ್ರೋ! ಒಂದು ಜೊಳ್ಳಿಲ್ಲ. ಮುತ್ತು! ಸುಮ್ನೆ ಬಚ್ಚಿಟ್ಟಿದ್ಲಾ ಇವಳು?"

ಆಮೇಲೆ ಅವನ ಕಣ್ಣು ಕೆಳಗೆ ಬಿತ್ತು. ಎಲ್ಫಿನೇಶ್ ಡಬ್ಬದ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು.

"ಅದೇನು?"

ನಾನು ಹುಂಜದ ಕಡೆ ನೋಡಿದೆ.

"ಕೋಳಿ ಜೊಳ್ಳು ಯಜಮಾನ್ರೇ" ಎಂದಳು ಗಾದಿಸೆ.

ಮೊಗೆಸ್ ಬಗ್ಗಿ, ಅವಳ ಬೆರಳ ಸಂದಿಯಿಂದ ಎರಡು ಕಾಳು ತೆಗೆದ. ಬೆಳಕಿಗೆ ಹಿಡಿದ. ಹನ್ನೊಂದು ವರ್ಷ ಅವನ ಎರಡು ಬೆರಳ ನಡುವೆ ಇತ್ತು! ಅವನ ಮೂಗು ಸುಕ್ಕಾಯಿತು. ಇಂಥ ಕಾಳನ್ನು ಗಿರಾಕಿಗೆ ತೋರಿಸಿದರೆ ಅವನ ಅಪ್ಪ ಗೋರಿಯಿಂದ ಎದ್ದು ಬಂದು ಹೊಡೆಯುತ್ತಿದ್ದನೇನೋ.

"ಥೂ. ಇದನ್ನ ತಿಂದ್ರೆ ಕೋಳೀನೂ ಸೊರಗುತ್ತೆ" ಎಂದು ಹುಂಜದ ಮುಂದೆ ಎಸೆದ. ಹುಂಜ ಕುಕ್ಕಿತು. ಆಗ ಎಲ್ಫಿನೇಶ್ ಗಳಗಳ ಅತ್ತಳು. ಆ ಎರಡು ಕಾಳಿಗಾಗಿ.

"ಅಳಬೇಡಮ್ಮ" ಎಂದ ಮೊಗೆಸ್, ಚೀಲ ಹೆಗಲಿಗೇರಿಸಿ. "ಒಳ್ಳೆ ಕೈ ಸೇರಿದೆ ನಿನ್ನ ಗೋಧಿ."

ಪಿಕಪ್ಪು ಹೋಯಿತು. ಕತ್ತೆಗಳು ಈಗ ದಾರಿ ಬಿಟ್ಟವು.

ಗಾದಿಸೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಒಬ್ಬ ಗಟ್ಟಿ ಕಾಳಿಗೆ ಗುದ್ದಿಸ್ಕೋತಾನೆ, ಒಬ್ಬಳು ಜೊಳ್ಳಿಗೆ ಅಳ್ತಾಳೆ. ಡಬ್ಬ ತಗೊಂಡು ಹೋಗಿ ತಾಯಿ. ಆದ್ರೆ ನನ್ನ ಕೋಳಿಗೆ ಸಂಜೆಯೊಳಗೆ ಬೇರೆ ಕಾಳು ಬರಬೇಕು."

ಬಂತು. ನಾನೇ ಹೊತ್ತುಕೊಟ್ಟೆ.

ಆ ಸಂಜೆ ಅಕ್ಕ, ಎಲ್ಫಿನೇಶ್, ನಾನು ಮೂವರೂ ಕೂತು ಚೂರು ಕತ್ತರಿಸಿ ಹನಿ ಹಾಕಿದೆವು. ಮೂರು ಸುಕ್ಕುಗಾಳಿಗೆ ಒಂದು ನೀಲಿ. ಬಿತ್ತಲು ಬೇಕಾದ ನಾನೂರು ಸಿಕ್ಕವು. ಉಳಿದ ಡಬ್ಬಕ್ಕೆ ಮುಚ್ಚಳ ಹಾಕಿ ಡಾಕ್ಟರಮ್ಮ ಅಕ್ಕನ ಕೈಗೇ ಕೊಟ್ಟಳು. ಎಲ್ಫಿನೇಶ್‌ಗೆ ಎರಡು ವರ್ಷ ಹಿಡಿಯುತ್ತಿದ್ದ ಕೆಲಸವನ್ನು ಅಕ್ಕ ಸತ್ತವರ ಮೇಲಿನ ಮರ್ಯಾದೆಗೆ ಒಂದು ಬೆಳಿಗ್ಗೆ ಮಾಡಿ ಮುಗಿಸಿದ್ದಳು. ಮರುದಿನ ಬಿತ್ತನೆ. ಬಾರ್ಲಿಯವನು ಬದುವಿನ ಮೇಲೆ ನಿಂತು ನೋಡಿ ಹೋದ.

ಹದಿಮೂರನೆಯ ದಿನ ಎಲ್ಫಿನೇಶ್ ಅಕ್ಕನನ್ನೂ ನನ್ನನ್ನೂ ಹೊಲಕ್ಕೆ ಕರೆದಳು. ಚಿಲಾಲೊ ಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬೀಸುತ್ತಿತ್ತು. ಪಕ್ಕದ ಸಾಲುಗಳೆಲ್ಲ ಹಸಿರಾಗಿ ನಿಂತಿದ್ದವು. ಇವಳ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಸಣಕಲು ಎಳೆ.

"ಇನ್ನೂರ ಅರವತ್ತೆಂಟು" ಎಂದಳು. "ಬುತ್ತಿ ಕಮ್ಮಿ ಇದ್ರೂ ಎದ್ದು ಬಂದಿವೆ."

ಅಕ್ಕ ಮಣ್ಣಿನಲ್ಲಿ ಮಂಡಿಯೂರಿ ಒಂದು ಎಳೆಯನ್ನು ಬೆರಳಿನಿಂದ ನೆಟ್ಟಗೆ ನಿಲ್ಲಿಸಿದಳು. "ದಿನ ತುಂಬದ ಕೂಸುಗಳು ಇವು. ಬದುಕ್ತಾವೆ. ಆದ್ರೆ ಇನ್ಮೇಲೆ ನನ್ನ ಒಲೆ ಮೇಲೆ ಏನಾದ್ರೂ ನೇತುಹಾಕಿದ್ರೆ ಹೇಳಿ ಹಾಕು."

ಎಲ್ಫಿನೇಶ್ ನಕ್ಕಳು. ಸ್ವೆಟರಿನ ಗುಂಡಿಗಳು ಸರಿಯಾಗಿದ್ದವು. ನನಗೆ ತುಂಬ ಸಂತೋಷವಾಯಿತು. ಕಣ್ಣಿಗೆ ಗಾಳಿ ಹೊಡೆಯಿತು ಎಂದು ಇಬ್ಬರಿಗೂ ಸುಳ್ಳು ಹೇಳಿದೆ.

ಮೊಗೆಸ್‌ನ ಗೋಧಿಯೂ ಚೆನ್ನಾಗಿ ಬಂದಿದೆಯಂತೆ. ಒಳ್ಳೆ ಪೈರು, ದುಂಡು ತೆನೆ, ಬೀಗವೂ ಭದ್ರ. ಕಂಡವರಿಗೆಲ್ಲ ಹೊಲ ತೋರಿಸುತ್ತಾನೆ. ನಾನೂ ಹೋಗಿ ತಲೆದೂಗಿ ಬಂದೆ.

ಅಂದಹಾಗೆ ಆ ಕೆಂಪು ಹುಂಜವನ್ನು ನಾನೇ ಗಾದಿಸೆಯಿಂದ ಮನೆಗೆ ತಂದೆ. ಅಕ್ಕ ಚಾಕು ಮಸೆದುಕೊಂಡು ಎರಡು ಸಲ ಬಂದಳು. ಎರಡು ಸಲವೂ ಬಾಗಿಲಲ್ಲೇ ತಡೆದೆ. ಈ ಕೇಸಿನಲ್ಲಿ ಸಾಕ್ಷ್ಯ ನುಂಗಿದ ಆರೋಪಿಗಳು ಇಬ್ಬರು… ಇಬ್ಬರೂ ಈಗ ಒಂದೇ ಮನೆಯಲ್ಲಿದ್ದೇವೆ.